ಮುಪ್ಪಿನ ಜೀವವಿಜ್ಞಾನಕ್ಕೆ ಬೀಜಧನ

ಪೈಲಟ್ ಅನುದಾನ ಎಂದರೆ ಹೊಸ ಪ್ರಶ್ನೆಯೊಂದನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಲು ಸಂಶೋಧಕರಿಗೆ ಸಿಗುವ ಹಣ. ಮೊತ್ತ ಕಡಿಮೆ, ಅವಧಿ ಸಾಮಾನ್ಯವಾಗಿ ಒಂದೆರಡು ವರ್ಷ. ಬೀಜಧನ ಎಂಬ ಹೆಸರೂ ಬಳಕೆಯಲ್ಲಿದೆ. ದೊಡ್ಡ ಅನುದಾನ ಕೊಡುವ ಸಮಿತಿಗಳು ಅರ್ಜಿದಾರರನ್ನು ಮೊದಲು ಕೇಳುವುದು ಈವರೆಗೆ ಏನು ಕಂಡುಕೊಂಡಿದ್ದೀರಿ ಎಂದು. ಕಂಡುಕೊಳ್ಳಬೇಕಾದರೆ ಹಣ ಬೇಕು, ಹಣ ಬರಬೇಕಾದರೆ ಏನಾದರೂ ಕಂಡುಕೊಂಡಿರಬೇಕು. ಈ ಗಂಟನ್ನು ಬಿಡಿಸುವುದೇ ಪೈಲಟ್ ಅನುದಾನದ ಕೆಲಸ. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರುಕಟ್ಟೆಗೆ ಹೋಗುವ ಬೀಜದ ರಾಶಿಯಿಂದ 400 ಕಾಳು ತೆಗೆದು ಮೊಳಕೆಗೆ ಇಟ್ಟು ನೋಡುವುದು ಅಲ್ಲಿ ನಿತ್ಯದ ಪದ್ಧತಿ. ಪೈಲಟ್ ಅಧ್ಯಯನವೂ ಅಂಥದೇ ಮೊಳಕೆ ಪರೀಕ್ಷೆ.

ಮುಪ್ಪಿನ ಜೀವವಿಜ್ಞಾನಕ್ಕೆ ಇಂಥ ಹಣದ ಅಗತ್ಯ ಉಳಿದ ಕ್ಷೇತ್ರಗಳಿಗಿಂತ ಹೆಚ್ಚು. ಈ ವಿಜ್ಞಾನ ಸಕ್ಕರೆ ಕಾಯಿಲೆ, ಮಂಡಿನೋವು, ಮರೆವುಗಳನ್ನು ಒಂದೊಂದಾಗಿ ನೋಡುವುದಿಲ್ಲ. ಇವೆಲ್ಲಕ್ಕೂ ಹಿಂದಿರುವ ಸಾಮಾನ್ಯ ಕಾರಣವಾದ ವಯಸ್ಸಾಗುವಿಕೆಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ಜೀವಕೋಶದ ಡಿಎನ್‌ಎಗೆ ಪೆಟ್ಟು ಬೀಳುವುದು, ವರ್ಣತಂತುಗಳ ತುದಿಯ ಟೆಲೋಮಿಯರ್ ಸವೆಯುವುದು, ವಿಭಜನೆ ನಿಲ್ಲಿಸಿದ ಕೋಶಗಳು ಸಾಯದೆ ಉಳಿದು ಸುತ್ತಲಿನ ಕೋಶಗಳನ್ನು ಕೆಡಿಸುವುದು, ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಸೊರಗುವುದು ಇವೆಲ್ಲ ಅದರ ವಸ್ತು. 2013ರಲ್ಲಿ ಪ್ರಕಟವಾದ ಪ್ರಸಿದ್ಧ ಲೇಖನವೊಂದು ಮುಪ್ಪಿನ 9 ಲಕ್ಷಣಗಳನ್ನು ಪಟ್ಟಿ ಮಾಡಿತು. ಅದೇ ಲೇಖಕರು 2023ರಲ್ಲಿ ಪಟ್ಟಿಯನ್ನು 12ಕ್ಕೆ ಏರಿಸಿದರು. ಕ್ಷೇತ್ರ ಇನ್ನೂ ಬೆಳೆಯುವ ವಯಸ್ಸಿನಲ್ಲಿದೆ, ಯಾವ ಪ್ರಶ್ನೆ ಫಲ ಕೊಡುತ್ತದೆಂದು ಮುಂಚೆಯೇ ಹೇಳುವುದು ಕಷ್ಟ. ಮನುಷ್ಯ ಮುಪ್ಪಾಗಲು ದಶಕಗಳು ಬೇಕು. ಅಷ್ಟು ಕಾಲ ಕಾಯುವ ಅಧ್ಯಯನಕ್ಕೆ ಕೈಹಾಕುವ ಮೊದಲು ದಾರಿ ಸರಿಯಿದೆಯೇ ಎಂದು ನೋಡಿಕೊಳ್ಳಲೇಬೇಕಾಗುತ್ತದೆ.

ಸಣ್ಣ ಪ್ರಯೋಗಗಳಿಂದ ದೊಡ್ಡ ತಿಳಿವಳಿಕೆ ಬಂದ ಚರಿತ್ರೆಯೂ ಈ ಕ್ಷೇತ್ರಕ್ಕಿದೆ. ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಎಂಬ ಹುಳುವಿನಲ್ಲಿ ಡ್ಯಾಫ್-2 ಎಂಬ ಒಂದೇ ಜೀನ್ ಬದಲಾದರೆ ಅದರ ಆಯುಷ್ಯ ಇಮ್ಮಡಿಯಾಗುತ್ತದೆಂದು ಸಿಂಥಿಯಾ ಕೆನ್ಯನ್ ಅವರ ತಂಡ 1993ರಲ್ಲಿ ತೋರಿಸಿತು. ಮುಪ್ಪು ಬರೀ ಸವಕಳಿ, ಅದರಲ್ಲಿ ಕೈಯಾಡಿಸಲಾಗದು ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಇಂಥ ಕೆಲಸಕ್ಕೆ ಹಣದ ವ್ಯವಸ್ಥೆ ಮೊದಲು ಗಟ್ಟಿಯಾದದ್ದು ಅಮೆರಿಕದಲ್ಲಿ. ಅಲ್ಲಿನ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆ 1974ರಲ್ಲಿ ಸ್ಥಾಪನೆಯಾಯಿತು. ಮುಪ್ಪಿನ ಮೂಲವಿಜ್ಞಾನಕ್ಕಾಗಿ ಅದು 1995ರಿಂದ ನಡೆಸುತ್ತಿರುವ ನೇಥನ್ ಶಾಕ್ ಕೇಂದ್ರಗಳು ಹೊರಗಿನ ಸಂಶೋಧಕರಿಗೆ ಪೈಲಟ್ ನೆರವು ಕೊಡುತ್ತವೆ. ನೆರವು ಬರೀ ಹಣವಲ್ಲ. ಆ ಕೇಂದ್ರಗಳ ಉಪಕರಣ, ಪರಿಣತರ ಸಲಹೆಯೂ ಅದರಲ್ಲಿ ಸೇರಿದೆ. ಚಿಕ್ಕ ಕಾಲೇಜಿನಲ್ಲಿ ಕುಳಿತ ಸಂಶೋಧಕರಿಗೆ ಎಷ್ಟೋ ಸಲ ಹಣಕ್ಕಿಂತ ಇದೇ ದೊಡ್ಡ ಉಪಕಾರ.

ಭಾರತದಲ್ಲಿ ಮುಪ್ಪಿನ ಜೀವವಿಜ್ಞಾನಕ್ಕೆ ಮಾತ್ರ ಮೀಸಲಾದ ಹಣ ಕಡಿಮೆ. ಸಾಮಾನ್ಯ ಯೋಜನೆಗಳಲ್ಲೇ ಜಾಗ ಹುಡುಕಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಕಿರು ಸಂಶೋಧನೆಗೆ ವಿದ್ಯಾರ್ಥಿವೇತನ ಕೊಡುತ್ತಿದೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವೃತ್ತಿಯ ಆರಂಭದಲ್ಲಿರುವ ಸಂಶೋಧಕರಿಗೆಂದೇ ಅನುದಾನವಿದೆ. ಕರ್ನಾಟಕ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ದೃಷ್ಟಿಕೋನ ಸಮೂಹ (ವಿಜಿಎಸ್‌ಟಿ) ಯುವ ವಿಜ್ಞಾನಿಗಳಿಗೆ ಬೀಜಧನ ಎಂಬ ಹೆಸರಿನಲ್ಲಿಯೇ ಯೋಜನೆ ನಡೆಸಿದೆ. ಖಾಸಗಿ ದಾನವೂ ಇದೆ. ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ನೀಡಿದ 225 ಕೋಟಿ ರೂಪಾಯಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರ ಎದ್ದಿತು. ಅದೇ ಸಂಸ್ಥೆಯಲ್ಲಿ 2024ರಲ್ಲಿ ಆರಂಭವಾದ ‘ಲಾಂಜೆವಿಟಿ ಇಂಡಿಯಾ’ ಭಾರತೀಯರ ದೇಹದಲ್ಲಿ ಮುಪ್ಪಿನ ಗುರುತುಗಳು ಯಾವುವೆಂದು ತಿಳಿಯಲು ‘ಭಾರತ್’ ಹೆಸರಿನ ಅಧ್ಯಯನ ಕೈಗೊಂಡಿದೆ. ಪಾಶ್ಚಾತ್ಯರ ರಕ್ತ ಪರೀಕ್ಷಿಸಿ ಕಟ್ಟಿದ ಅಳತೆಗೋಲು ನಮ್ಮವರಿಗೆ ಹೊಂದುತ್ತದೆಯೇ ಎಂಬುದೇ ಅದರ ಮೂಲ ಪ್ರಶ್ನೆ.

ಹಳ್ಳಿಯ ಹಿರಿಯರನ್ನು ಬಿಟ್ಟರೆ ಈ ಪ್ರಶ್ನೆಗೆ ಅರ್ಧ ಉತ್ತರವೂ ಸಿಗದು. ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿ ಇಟ್ಟುಕೊಂಡಿದೆ. ಒಂದು ತಾಲ್ಲೂಕನ್ನು ಆಯ್ದು ಅಲ್ಲೇ ಬೇರೂರುವ ಈ ಕ್ರಮ ಹಾವೇರಿಯಂಥ ಜಿಲ್ಲೆಗೆ ಒಳ್ಳೆಯ ಮಾದರಿ.

1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸುಮಾರು 16 ಲಕ್ಷ ಜನ. ಜಿಲ್ಲೆಗೆ ಈಗ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಸ್ವಂತ ವಿಶ್ವವಿದ್ಯಾಲಯವಿದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳಿವೆ. ಹಾವೇರಿ ಪಕ್ಕದ ದೇವಿಹೊಸೂರಿನಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯದ ಕೇಂದ್ರವಿದೆ. ಬೇಕಾದ ಜನ, ಕಟ್ಟಡ ಇಷ್ಟರಲ್ಲೇ ಇವೆ. ಪ್ರಶ್ನೆಗಂತೂ ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯೇ ಸಾಕು.

ಖಾರ ತಿಂದಾಗ ನಾಲಿಗೆ ಉರಿಯುವುದು ಕ್ಯಾಪ್ಸೈಸಿನ್ ಎಂಬ ರಾಸಾಯನಿಕದಿಂದ. ಅದನ್ನು ಗುರುತಿಸುವ ನರತುದಿಯ ಗ್ರಾಹಕ ಟಿಆರ್‌ಪಿವಿ-1ನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಪತ್ತೆಹಚ್ಚಿತು; 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಬಂದದ್ದು ಈ ಸಾಲಿನ ಕೆಲಸಕ್ಕೆ. ಈ ಗ್ರಾಹಕವಿಲ್ಲದ ಇಲಿಗಳು ಉಳಿದ ಇಲಿಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ, ಮುಪ್ಪಿನಲ್ಲೂ ಅವುಗಳ ಸಕ್ಕರೆ ನಿಯಂತ್ರಣ ಚೆನ್ನಾಗಿರುತ್ತದೆ ಎಂದು 2014ರಲ್ಲಿ ಆಂಡ್ರ್ಯೂ ಡಿಲಿನ್ ಅವರ ತಂಡ ವರದಿ ಮಾಡಿತು. ಮರುವರ್ಷ ಚೀನಾದ 4.87 ಲಕ್ಷ ಜನರ ಅಧ್ಯಯನವೊಂದು ಹೆಚ್ಚುಕಡಿಮೆ ದಿನವೂ ಖಾರ ತಿನ್ನುವವರಲ್ಲಿ ಸಾವಿನ ಅಪಾಯ ಶೇ 14ರಷ್ಟು ಕಡಿಮೆ ಎಂದಿತು. ಖಾರವೇ ಅದಕ್ಕೆ ಕಾರಣ ಎಂದು ಮಾತ್ರ ಆ ಅಧ್ಯಯನದಿಂದ ಹೇಳಲಾಗದು.

2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಬೇರೆ. ಡಬ್ಬಿ ತಳಿಯಿರಲಿ, ಕಡ್ಡಿ ತಳಿಯಿರಲಿ, ಅದರಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಬಣ್ಣ ಕೊಡುವ ಕ್ಯಾಪ್ಸಾಂಥಿನ್ ಕ್ಯಾರೊಟಿನಾಯ್ಡ್ ಗುಂಪಿನದು, ಉತ್ಕರ್ಷಣ ತಡೆಯುವ ಗುಣವುಳ್ಳದ್ದು. ರೊಟ್ಟಿಯ ಜೊತೆ ಕೆಂಪು ಚಟ್ನಿ ತಿಂದು ಬಾಳಿದವರಿಗೆ ಕ್ಯಾಪ್ಸೈಸಿನ್‌ಗಿಂತ ಕ್ಯಾಪ್ಸಾಂಥಿನ್ ಹೆಚ್ಚು ಸಿಕ್ಕಿದೆಯೇ? ಸಿಕ್ಕಿದ್ದರೆ ಅವರ ದೇಹದಲ್ಲಿ ಅದರ ಗುರುತು ಕಾಣುತ್ತದೆಯೇ? ಇನ್ನೊಂದು ಮಗ್ಗುಲೂ ಇದೆ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ರಾಶಿ ಬರುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಘಾಟಿನ ನಡುವೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಶ್ವಾಸಕೋಶ ವಯಸ್ಸಿಗೆ ಮೊದಲೇ ಸವೆಯುತ್ತದೆಯೇ ಎಂಬುದು ಚಟ್ನಿಯ ಪ್ರಶ್ನೆಗಿಂತ ತುರ್ತಿನದು.

ಈ ಎರಡನೆಯ ಪ್ರಶ್ನೆಯ ಮೇಲೆ ಪೈಲಟ್ ಅರ್ಜಿ ಹೇಗಿರಬಹುದೆಂದು ಊಹಿಸಿ ನೋಡಬಹುದು. ತೊಟ್ಟು ಬಿಡಿಸುವ 30 ಜನ, ಅದೇ ವಯಸ್ಸಿನ, ಅದೇ ಊರಿನ, ಬೇರೆ ಕೆಲಸದ 30 ಜನ. ಕೊಳವೆಯಲ್ಲಿ ಊದಿಸಿ ಶ್ವಾಸದ ಬಲ ಅಳೆಯುವುದು, ಹಿಡಿ ಒತ್ತಿಸಿ ಮುಷ್ಟಿಯ ಬಲ ಅಳೆಯುವುದು, ನಾಲ್ಕು ಮೀಟರ್ ನಡೆಸಿ ನಡಿಗೆಯ ವೇಗ ನೋಡುವುದು. ರಕ್ತವನ್ನು ಶೂನ್ಯಕ್ಕಿಂತ 80 ಡಿಗ್ರಿ ಕೆಳಗೆ ಇಡುವ ಫ್ರೀಜರ್ ಇಲ್ಲದಿದ್ದರೆ ಬೆರಳತುದಿಯ ಹನಿಗಳನ್ನು ಕಾಗದದ ಕಾರ್ಡಿನ ಮೇಲೆ ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸಬಹುದು. ದೇಶದಾದ್ಯಂತ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದ ಲಾಸಿ ಎಂಬ ವೃದ್ಧಾಪ್ಯ ಸಮೀಕ್ಷೆ 2017–18ರಲ್ಲಿ ಹೀಗೆಯೇ ಮಾಡಿತು. 60 ಜನರಿಂದ ಘಾಟು ಶ್ವಾಸಕೋಶವನ್ನು ಕೆಡಿಸುತ್ತದೆ ಎಂಬ ತೀರ್ಪು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕರೆದವರಲ್ಲಿ ಎಷ್ಟು ಜನ ಒಪ್ಪಿದರು, ಅಳತೆಗಳಲ್ಲಿ ಏರಿಳಿತ ಎಷ್ಟು, ಹಾಗಾದರೆ ದೊಡ್ಡ ಅಧ್ಯಯನಕ್ಕೆ ಎಷ್ಟು ನೂರು ಜನ ಬೇಕು ಎಂಬ ಲೆಕ್ಕ ಸಿಕ್ಕರೆ ಹಣ ಸಾರ್ಥಕ.

ಕಚೇರಿಯಲ್ಲಿ ಕುಳಿತು ಊಹಿಸಲಾಗದ ತೊಡಕುಗಳೂ ಆಗಲೇ ಹೊರಬೀಳುತ್ತವೆ. ಮುಪ್ಪಿನ ಅಧ್ಯಯನಕ್ಕೆ ಮೊದಲು ಬೇಕಾದದ್ದು ಸರಿಯಾದ ವಯಸ್ಸು. ಹಳ್ಳಿಯ ಅನೇಕ ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುತ್ತದೆ, ವರ್ಷವೂ ಅಂದಾಜಿನದು. ಹಾಗಾಗಿ ನೆನಪಿನ ಘಟನೆಗಳ ಪಟ್ಟಿ ಇಟ್ಟುಕೊಂಡು ಕೇಳಬೇಕಾಗುತ್ತದೆ. ಈ ಭಾಗದಲ್ಲಿ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪನವರು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ 1943, ಏಕೀಕರಣದ 1956 ಅಂಥ ಗುರುತುಗಳು. ಏಕೀಕರಣ ಆದಾಗ ಸಾಲಿಗೆ ಹೋಗುತ್ತಿದ್ದಿರಾ, ಮದುವೆ ಆಗಿತ್ತಾ ಎಂದು ಕೇಳಿದರೆ ವಯಸ್ಸು ನಾಲ್ಕೈದು ವರ್ಷದ ಅಂತರಕ್ಕೆ ಬರುತ್ತದೆ. ಸುಗ್ಗಿಯ ದಿನ ಕರೆದರೆ ಕೂಲಿ ಬಿಟ್ಟು ಯಾರೂ ಬರುವುದಿಲ್ಲ, ಹೀಗಾಗಿ ಆ ದಿನದ ಕೂಲಿಯನ್ನು ಬಜೆಟ್ಟಿನಲ್ಲೇ ಬರೆಯುವುದು ನ್ಯಾಯ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಅನುಮತಿ, ಭಾಗವಹಿಸುವವರ ಒಪ್ಪಿಗೆ ಕಡ್ಡಾಯ. ಒಪ್ಪಿಗೆ ಪತ್ರವನ್ನು ಅವರಾಡುವ ಮಾತಿನಲ್ಲಿ ಓದಿ ಹೇಳಿ, ಓದು ಬಾರದವರಿಂದ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಬೇಕು.

ಅವಧಿ ಮುಗಿದ ಮೇಲೆ ಸಂಶೋಧಕರು ಹಣ ಬಳಕೆ ಪ್ರಮಾಣಪತ್ರ ಮತ್ತು ಅಂತಿಮ ವರದಿ ಕೊಡುತ್ತಾರೆ. ವರದಿ ಎರಡು ಬಗೆಯದಾಗಬಹುದು. ಸುಳಿವು ಸಿಕ್ಕಿದ್ದರೆ ಅದೇ ದೊಡ್ಡ ಅರ್ಜಿಯ ಮೊದಲ ಪುಟ. ಸುಳಿವು ಸಿಗದಿದ್ದರೂ ಅದನ್ನು ಪ್ರಕಟಿಸುವುದು ಅಷ್ಟೇ ಮುಖ್ಯ, ಇಲ್ಲವಾದರೆ ಇನ್ನೊಂದು ಜಿಲ್ಲೆಯಲ್ಲಿ ಇನ್ನೊಬ್ಬರು ಅದೇ ಹಣ, ಅದೇ ಶ್ರಮ ಸುರಿಯುತ್ತಾರೆ. ಜಿಲ್ಲಾ ಕೇಂದ್ರಗಳ ಅರ್ಜಿಗಳು ಸೋಲುವುದು ಬಹುಮಟ್ಟಿಗೆ ಪ್ರಶ್ನೆ ದುರ್ಬಲವೆಂದಲ್ಲ. ಸಂಖ್ಯಾಶಾಸ್ತ್ರ ಬಲ್ಲವರ, ಸುಸಜ್ಜಿತ ಪ್ರಯೋಗಾಲಯದ ಜೊತೆ ಇಲ್ಲವೆಂದು. ಬೆಂಗಳೂರಿನ ಸಂಸ್ಥೆಯೊಂದು ಸಹಭಾಗಿಯಾಗಿ ಕೂಡಿಕೊಂಡು, ಮಾದರಿಗಳ ಮೇಲಿನ ಹಕ್ಕು ಮತ್ತು ಲೇಖನದ ಮೊದಲ ಹೆಸರು ಜಿಲ್ಲೆಯವರಿಗೇ ಉಳಿಯುವಂತೆ ಕರಾರು ಮಾಡಿಕೊಂಡರೆ ಆ ಕೊರತೆ ನೀಗುತ್ತದೆ.