ಹೆಬ್ಬಾಳದ ಅವರೆ, ಗಾಂಧಿ ಬಜಾರಿನ ಸೊಗಡು

ಅವರೆಕಾಯಿಯ ಸೊಗಡು ಕಾಳಿಗಿಂತ ಹೆಚ್ಚಾಗಿ ಸಿಪ್ಪೆಯ ಮೇಲಿರುತ್ತದೆ. ಕಾಯಿ ಬಲಿಯುತ್ತ ಬಂದಂತೆ ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಒಸರುತ್ತದೆ. ಅದರಲ್ಲಿರುವ ಕೆಲವು ಕೊಬ್ಬಿನ ಆಮ್ಲಗಳೇ ಆ ಪರಿಮಳಕ್ಕೆ ಮೂಲ. ಡಿಸೆಂಬರ್–ಜನವರಿಯಲ್ಲಿ ಗಾಂಧಿ ಬಜಾರಿನ ರಸ್ತೆಬದಿಯಲ್ಲಿ ಅವರೆ ರಾಶಿ ಬಿದ್ದಾಗ ಅನುಭವಸ್ಥರು ಬೆಲೆ ಕೇಳುವ ಮೊದಲು ಎರಡು ಕಾಯಿ ಎತ್ತಿಕೊಂಡು ಅಂಗೈಯಲ್ಲಿ ಉಜ್ಜಿ ಮೂಸಿ ನೋಡುತ್ತಾರೆ. ಬೆರಳಿಗೆ ಅಂಟು ಹತ್ತಬೇಕು, ಮೂಗಿಗೆ ಘಮ ತಟ್ಟಬೇಕು. ಇವೆರಡೂ ಇಲ್ಲದಿದ್ದರೆ ಕಾಯಿ ಎಷ್ಟೇ ದಪ್ಪವಾಗಿದ್ದರೂ ಮುಂದಿನ ರಾಶಿಗೆ ಹೋಗುತ್ತಾರೆ. ಸಸ್ಯತಳಿ ವಿಜ್ಞಾನದ ಭಾಷೆಯಲ್ಲಿ ಇದೂ ಒಂದು ಆಯ್ಕೆ. ಇಂಥ ಆಯ್ಕೆಯನ್ನೇ ಹೊಲದಲ್ಲಿ ಹಲವು ತಲೆಮಾರು ಲೆಕ್ಕವಿಟ್ಟು ಮಾಡುವ ಕೆಲಸ ಇಲ್ಲಿಂದ ಹತ್ತು ಹದಿನೈದು ಕಿಲೋಮೀಟರ್ ದೂರದ ಹೆಬ್ಬಾಳದಲ್ಲಿ ಮತ್ತು ಅದರಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಅಂದರೆ ಜಿಕೆವಿಕೆಯಲ್ಲಿ, ನಡೆದುಬಂದಿದೆ. 'ಹೆಬ್ಬಾಳ ಅವರೆ' ಎಂಬ ತಳಿಗಳು ಹುಟ್ಟಿದ್ದು ಅಲ್ಲಿಯೇ.

ಅವರೆಯ ಸಸ್ಯಶಾಸ್ತ್ರೀಯ ಹೆಸರು ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಹಳೆಯ ಪುಸ್ತಕಗಳಲ್ಲಿ ಇದು ಡೋಲಿಕಾಸ್ ಲ್ಯಾಬ್‌ಲ್ಯಾಬ್. ಇದರ ಕಾಡುಮೂಲ ಆಫ್ರಿಕಾದ್ದು. ರಾಗಿಯಂತೆ ಇದೂ ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ದಕ್ಷಿಣ ಭಾರತದ ಒಣಭೂಮಿಗೆ ಒಗ್ಗಿಕೊಂಡಿತು. ಹಳೆ ಮೈಸೂರು ಸೀಮೆಯಲ್ಲಿ ಈ ಎರಡು ಬೆಳೆಗಳ ಜೋಡಿ ಇಂದಿಗೂ ಉಳಿದಿದೆ. ಮುಂಗಾರಿನಲ್ಲಿ ರಾಗಿ ಬಿತ್ತುವಾಗ ಹೊಲದ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕುತ್ತಾರೆ. ರಾಗಿ ಕೊಯ್ಲಾಗುವವರೆಗೆ ಅವರೆ ಸುಮ್ಮನೆ ಹಬ್ಬಿಕೊಂಡಿರುತ್ತದೆ. ಹೊಲ ಖಾಲಿಯಾದ ಮೇಲೆ ಮಣ್ಣಿನಲ್ಲಿ ಉಳಿದ ತೇವ ಮತ್ತು ಮಾಗಿಯ ಇಬ್ಬನಿಯಲ್ಲಿ ಅದಕ್ಕೆ ಸುಗ್ಗಿ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುದರಿಂದ ಮುಂದಿನ ರಾಗಿಗೂ ಅನುಕೂಲ. ಮಾಗಡಿ, ಆನೇಕಲ್, ಹೊಸಕೋಟೆ, ಕೋಲಾರದ ಕಡೆಯ ರೈತರು ಕಂಡುಕೊಂಡ ಈ ವ್ಯವಸ್ಥೆ ಯಾವ ಪ್ರಯೋಗಾಲಯದ ಸಾಧನೆಗೂ ಕಡಿಮೆಯದಲ್ಲ.

ಈ ನಾಟಿ ಅವರೆಗೆ ಒಂದು ಹಟವಿದೆ. ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಅದು ಹೂ ಬಿಡುವುದು ಹಗಲು ಕಿರಿದಾಗಿ ರಾತ್ರಿ ಹಿರಿದಾದ ಮೇಲೆಯೇ. ಸಸ್ಯಗಳು ಹಗಲು–ರಾತ್ರಿಯ ಅವಧಿಯನ್ನು ಅಳೆದು ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತಂಬಾಕು ಮತ್ತು ಸೋಯಾ ಅವರೆಯ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು. ಬೆಂಗಳೂರಿನ ಹಗಲು ಜೂನ್ ಕೊನೆಯಲ್ಲಿ ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯಲ್ಲಿ ಸುಮಾರು 11 ಗಂಟೆ 20 ನಿಮಿಷ. ನಡುವಿನ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಮನುಷ್ಯರು ಅಷ್ಟಾಗಿ ಗಮನಿಸದ ಈ ವ್ಯತ್ಯಾಸ ಅವರೆ ಬಳ್ಳಿಗೆ ಸಾಕು.

ತಿನ್ನುವವರಿಗೆ ಇದು ಹಬ್ಬ, ಬೆಳೆಯುವವರಿಗೆ ಇಕ್ಕಟ್ಟು. ಎಲ್ಲರ ಹೊಲದಲ್ಲೂ ಒಂದೇ ಸಲ ಕಾಯಿ ಬರುವುದರಿಂದ ಸುಗ್ಗಿಯ ನಡುವೆ ಬೆಲೆ ಕುಸಿಯುತ್ತದೆ. ಆರು ತಿಂಗಳು ನೆಲ ಹಿಡಿದ ಬೆಳೆಗೆ ಎರಡು ತಿಂಗಳ ಮಾರಾಟ. ಬಳ್ಳಿ ಬೆಳೆಯುತ್ತಲೇ ಹೋಗುವುದರಿಂದ ಹೂವು, ಹೀಚು, ಬಲಿತ ಕಾಯಿ ಒಂದೇ ಗಿಡದಲ್ಲಿ ಒಟ್ಟಿಗಿರುತ್ತವೆ. ಹಾಗಾಗಿ ಮತ್ತೆ ಮತ್ತೆ ಬಿಡಿಸಬೇಕು, ಅದಕ್ಕೆ ಕೂಲಿ ಹೊಂದಿಸಬೇಕು. ಬೇಸಿಗೆಯಲ್ಲಿ ನೀರಿದ್ದರೂ ನಾಟಿ ಅವರೆ ಬೆಳೆದು ಪ್ರಯೋಜನವಿಲ್ಲ. ಸೊಪ್ಪು ಬರುತ್ತದೆ, ಕಾಯಿ ಬರುವುದಿಲ್ಲ. ಹೆಬ್ಬಾಳದ ವಿಜ್ಞಾನಿಗಳು ಕೈಗೆತ್ತಿಕೊಂಡದ್ದು ಈ ಹಟವನ್ನು ಬಿಡಿಸುವ ಕೆಲಸವನ್ನು.

ಹೆಬ್ಬಾಳದ ಕೃಷಿ ಸಂಶೋಧನೆಗೆ ಅಡಿಪಾಯ ಬಿದ್ದದ್ದು 1899ರಲ್ಲಿ. ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 30 ಎಕರೆ ಜಮೀನು ಕೊಟ್ಟರು. ಮೈಸೂರು ಸರ್ಕಾರದ ಕೃಷಿ ರಸಾಯನ ವಿಜ್ಞಾನಿ ಲೆಹ್‌ಮನ್ ಅಲ್ಲಿ ಪ್ರಯೋಗಗಳನ್ನು ಶುರುಮಾಡಿದರು. 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಬಂದ ಮೇಲೆ ಈ ಪರಂಪರೆ ಅದರ ಪಾಲಿಗೆ ಬಂತು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ನಾಡಿಗೆಲ್ಲ ತಿಳಿದ ಕಥೆ. ರಾಗಿಯ ಜೊತೆಗಾರ ಅವರೆಗೆ ಅಷ್ಟು ಪ್ರಚಾರ ಸಿಕ್ಕಿಲ್ಲ. ಜಿ. ಶಿವಶಂಕರ್, ಆರ್.ಎಸ್. ಕುಲಕರ್ಣಿ, ಅವರ ನಂತರ ಎಂ. ಬೈರೇಗೌಡ, ಎಸ್. ರಮೇಶ್ ಮೊದಲಾದವರು ಈ ವಿಶ್ವವಿದ್ಯಾನಿಲಯದಲ್ಲಿ ಅವರೆಯ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಅವರ ಹೆಸರುಗಳೂ ಅವರೆ ತಿನ್ನುವ ಊರಿಗೆ ಗೊತ್ತಿರಬೇಕಾದವು.

ತಳಿ ಅಭಿವೃದ್ಧಿಯ ಮೊದಲ ಹಂತದಲ್ಲಿ ಹೊಸದೇನನ್ನೂ ಸೃಷ್ಟಿಸುವುದಿಲ್ಲ, ಇರುವುದರಲ್ಲಿ ಒಳ್ಳೆಯದನ್ನು ಬೇರ್ಪಡಿಸುತ್ತಾರೆ. ರೈತರ ಮನೆಯ ಅವರೆ ಬೀಜವೆಂದರೆ ಹಲವು ವಂಶಗಳ ಮಿಶ್ರಣ. ಡೆನ್ಮಾರ್ಕಿನ ಯೋಹಾನ್ಸನ್ 1903ರಲ್ಲಿ ಹುರುಳಿಕಾಯಿಯ ಬೀಜಗಳನ್ನು ತೂಗಿ ಇದರ ಮರ್ಮ ಬಿಡಿಸಿದರು. ಮಿಶ್ರಣದಿಂದ ಆರಿಸಿದರೆ ಫಲವಿದೆ, ಒಂದೇ ಗಿಡದ ಶುದ್ಧ ಸಂತಾನದೊಳಗೆ ಮತ್ತೆ ಆರಿಸಿದರೆ ಫಲವಿಲ್ಲ. ಅಲ್ಲಿ ಉಳಿದಿರುವ ವ್ಯತ್ಯಾಸ ಮಣ್ಣು, ನೀರು, ಗೊಬ್ಬರದಿಂದ ಬಂದದ್ದು, ರಕ್ತದಲ್ಲಿ ಬಂದದ್ದಲ್ಲ. ಆದ್ದರಿಂದ ಮಿಶ್ರಣದಲ್ಲಿರುವ ಗುಣಗಳು ಸಾಲದೆ ಹೋದರೆ ಸಂಕರ ಮಾಡದೆ ದಾರಿಯಿಲ್ಲ. ಒಂದು ಗಿಡದಲ್ಲಿರುವ ಗುಣವನ್ನು ಇನ್ನೊಂದರ ಗುಣದ ಜೊತೆ ಕೂಡಿಸಬೇಕು.

ಅವರೆಯ ಹೂವಿನಲ್ಲಿ ಇದು ನಾಜೂಕಿನ ಕೆಲಸ. ಹೂವಿನ ಐದು ದಳಗಳಲ್ಲಿ ಕೆಳಗಿನ ಎರಡು ಕೂಡಿಕೊಂಡು ದೋಣಿಯ ಆಕಾರ ತಳೆದಿರುತ್ತವೆ. ಆ ದೋಣಿಯೊಳಗೆ ಹತ್ತು ಕೇಸರಗಳು. ಒಂಬತ್ತು ಬುಡದಲ್ಲಿ ಕೂಡಿಕೊಂಡಿರುತ್ತವೆ, ಒಂದು ಬಿಡಿಯಾಗಿರುತ್ತದೆ. ಅವುಗಳ ನಡುವೆ ಅಂಡಾಶಯದಿಂದ ಮೇಲೆದ್ದ ಶಲಾಕೆ. ಹೂ ಬಿರಿಯುವ ಮುನ್ನವೇ ಪರಾಗಕೋಶಗಳು ಒಡೆದು ತನ್ನ ಪರಾಗ ತನಗೇ ಅಂಟಿಬಿಡುತ್ತದೆ. ಹೀಗಾಗಿ ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಹಿಡಿಯಬೇಕು. ಎಡಗೈಯ ಎರಡು ಬೆರಳುಗಳ ನಡುವೆ ಮೊಗ್ಗನ್ನು ಇಟ್ಟುಕೊಂಡು, ಸೂಜಿಯ ಮೊನೆಯಿಂದ ದಳಗಳನ್ನು ಸರಿಸಿ, ದೋಣಿಯನ್ನು ಸೀಳಿ, ಚಿಮುಟದಿಂದ ಹತ್ತೂ ಕೇಸರಗಳನ್ನು ಒಂದೊಂದಾಗಿ ಕೀಳಬೇಕು. ಒಂದು ಉಳಿದರೂ ಶ್ರಮ ವ್ಯರ್ಥ. ಶಲಾಕೆಗೆ ಪೆಟ್ಟಾದರೆ ಮೊಗ್ಗು ಉದುರುತ್ತದೆ. ಮರುದಿನ ಬೆಳಿಗ್ಗೆ ಗಂಡು ಗಿಡವೆಂದು ಆರಿಸಿಕೊಂಡ ಗಿಡದ ಹೊಸ ಹೂವಿನಿಂದ ಪರಾಗ ತಂದು ಶಲಾಕೆಯ ತುದಿಗೆ ಸವರಿ, ತಾಯಿ–ತಂದೆ ಗಿಡಗಳ ಹೆಸರು ಮತ್ತು ತಾರೀಖು ಬರೆದ ಚೀಟಿ ಕಟ್ಟುತ್ತಾರೆ. ಎಷ್ಟೇ ಎಚ್ಚರ ವಹಿಸಿದರೂ ಹೀಗೆ ಮುಟ್ಟಿದ ಮೊಗ್ಗುಗಳಲ್ಲಿ ಬಹಳಷ್ಟು ಉದುರುತ್ತವೆ. ಉಳಿದು ಕಾಯಾದವುಗಳಲ್ಲಿ ಸಿಗುವುದು ನಾಲ್ಕಾರು ಬೀಜ.

ಆ ಬೀಜದಿಂದ ಬಂದ ಮೊದಲ ತಲೆಮಾರಿನ ಗಿಡಗಳೆಲ್ಲ ಹೆಚ್ಚು ಕಡಿಮೆ ಒಂದೇ ಬಗೆ. ಎರಡನೆಯ ತಲೆಮಾರಿನಲ್ಲಿ ಅಜ್ಜ–ಅಜ್ಜಿಯರ ಗುಣಗಳೆಲ್ಲ ಚದುರಿ ಹೊಸ ಹೊಸ ಜೋಡಣೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅವರೆಯದೇ ಕುಟುಂಬದ ಬಟಾಣಿಯಲ್ಲಿ ಮೆಂಡೆಲ್ ಕಂಡು 1866ರಲ್ಲಿ ಪ್ರಕಟಿಸಿದ ನಿಯಮ ಇದು. ಬೇಕಾದ ಗುಣ ಒಂದೇ ವಂಶವಾಹಿಯ ಅಧೀನದಲ್ಲಿದ್ದು, ಅದೂ ಅಡಗಿಕೊಳ್ಳುವ ಬಗೆಯದಾದರೆ ನಾಲ್ಕು ಗಿಡಗಳಲ್ಲಿ ಒಂದರಲ್ಲಿ ಕಾಣುತ್ತದೆ. ಅಂಥ ಎರಡು ಗುಣಗಳು ಒಂದೇ ಗಿಡದಲ್ಲಿ ಬೇಕೆಂದರೆ 16ರಲ್ಲಿ ಒಂದು, ಮೂರಕ್ಕೆ 64ರಲ್ಲಿ ಒಂದು. ಇಳುವರಿಯಂಥ ಗುಣವನ್ನು ಹತ್ತಾರು ವಂಶವಾಹಿಗಳು ಸೇರಿ ನಿರ್ಧರಿಸುವುದರಿಂದ ತಾಕಿನಲ್ಲಿ ಸಾವಿರಾರು ಗಿಡಗಳು ಬೇಕಾಗುತ್ತವೆ. ಆರಿಸಿದ ಪ್ರತಿ ಗಿಡದ ಬೀಜವನ್ನು ಬೇರೆ ಸಾಲಿನಲ್ಲಿ ಬಿತ್ತಿ, ಆ ಸಾಲಿನಲ್ಲಿ ಮತ್ತೆ ಆರಿಸಿ, ವಂಶಾವಳಿ ಬರೆದಿಡುತ್ತ ಹೋಗುತ್ತಾರೆ. ಸ್ವಪರಾಗದಿಂದ ಒಳಮಿಶ್ರಣ, ಅಂದರೆ ಜೋಡಿ ವಂಶವಾಹಿಗಳ ನಡುವಿನ ಭಿನ್ನತೆ, ಪ್ರತಿ ತಲೆಮಾರಿಗೆ ಅರ್ಧಕ್ಕಿಳಿಯುತ್ತದೆ. ಎರಡನೆಯದರಲ್ಲಿ ಶೇ 50 ಇದ್ದದ್ದು ಆರನೆಯದರಲ್ಲಿ ಶೇ 3ರಷ್ಟಾಗುತ್ತದೆ. ಆಗ ಅದನ್ನು ಸ್ಥಿರ ತಳಿ ಎನ್ನಬಹುದು. ಆನಂತರ ಬೇರೆ ಬೇರೆ ಊರುಗಳ ತಾಕುಗಳಲ್ಲಿ, ರೈತರ ಹೊಲಗಳಲ್ಲಿ ಹೋಲಿಕೆ ಪರೀಕ್ಷೆ. ಅದರಲ್ಲಿ ಗೆದ್ದರೆ ಮಾತ್ರ ಬಿಡುಗಡೆ. ಒಂದು ಸಂಕರಕ್ಕೆ ಕೈ ಹಾಕಿದವರು ಫಲ ಕಾಣಲು ಹತ್ತು ವರ್ಷ ಕಾಯುವುದು ಸಾಮಾನ್ಯ.

ಎಚ್‌ಎ-1, ಎಚ್‌ಎ-3, ಎಚ್‌ಎ-4 ಎಂಬ ಹೆಬ್ಬಾಳ ಅವರೆಗಳು ಇಂಥ ತಾಳ್ಮೆಯಿಂದ ಬಂದವು. ಎಚ್‌ಎ-4ರ ಒಬ್ಬ ಪೋಷಕ ಎಚ್‌ಎ-3, ಇನ್ನೊಬ್ಬ ಮಾಗಡಿಯ ನಾಟಿ ಅವರೆ. ಎಚ್‌ಎ-3 ಮತ್ತು ಎಚ್‌ಎ-4 ಎರಡೂ ಹಗಲಿನ ಉದ್ದಕ್ಕೆ ಸೊಪ್ಪು ಹಾಕುವುದಿಲ್ಲ. ಯಾವ ತಿಂಗಳಲ್ಲಿ ಬಿತ್ತಿದರೂ ಒಂದೂವರೆ ತಿಂಗಳ ಆಸುಪಾಸಿನಲ್ಲಿ ಹೂ ಬಿಡುತ್ತವೆ. ಬಳ್ಳಿ ಹಬ್ಬುವುದಿಲ್ಲ, ಪೊದೆಯಾಗಿ ನಿಲ್ಲುತ್ತವೆ. ಕಾಂಡದ ತುದಿಯೇ ಹೂಗೊಂಚಲಾಗುವುದರಿಂದ ಬೆಳವಣಿಗೆ ಅಲ್ಲಿಗೆ ಮುಗಿದು ಕಾಯಿಗಳು ಎಲೆಗಳ ಮೇಲೆ ಎದ್ದು ನಿಲ್ಲುತ್ತವೆ, ಹೆಚ್ಚು ಕಡಿಮೆ ಒಟ್ಟಿಗೆ ಬಲಿಯುತ್ತವೆ. ಸಾಲುಗಳನ್ನು ಹತ್ತಿರ ಹಾಕಬಹುದು, ಬೇಗ ಬಿಡಿಸಬಹುದು, ನೀರಿದ್ದರೆ ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಕುಳ್ಳಾದ, ಕಾಲಕ್ಕೆ ಕಟ್ಟುಬೀಳದ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳನ್ನು ಹೊರತಂದಿದೆ. ಯುಗಾದಿಯ ಹೊತ್ತಿಗೂ ಗಣೇಶನ ಹಬ್ಬದ ಹೊತ್ತಿಗೂ ಬೆಂಗಳೂರಿನ ತರಕಾರಿ ಗಾಡಿಗಳ ಮೇಲೆ ಅವರೆ ಕಾಣಲು ಸಾಧ್ಯವಾದದ್ದು ಈ ಬಗೆಯ ತಳಿಗಳಿಂದ. ಸಣ್ಣ ಹಿಡುವಳಿಯ ರೈತರ ಮಟ್ಟಿಗೆ ಇದು ದೊಡ್ಡ ಉಪಕಾರ.

ಆದರೂ ಕೊಳ್ಳುವವರ ಬಾಯಲ್ಲಿ ಒಂದು ಮಾತು ನಿಂತಿದೆ: ಅಕಾಲದ ಅವರೆಗೆ ಮಾಗಿ ಅವರೆಯ ಸೊಗಡಿಲ್ಲ. ಇದನ್ನು ಹಳಬರ ಹಳಹಳಿಕೆಯೆಂದು ತಳ್ಳಿಹಾಕುವುದು ತಪ್ಪು. ಜಿಡ್ಡು ಒಸರುವ ಪ್ರಮಾಣ ಚಳಿ, ಇಬ್ಬನಿಯ ಜೊತೆಗೆ ತಳಿಯನ್ನೂ ಅವಲಂಬಿಸಿದೆ, ಸೊಗಡು ವಂಶವಾಹಿಗಳ ಮೂಲಕ ಸಾಗಿಬರುವ ಗುಣವೇ ಎಂದು ಸಂಶೋಧನೆಗಳು ತೋರಿಸಿವೆ. ತಳಿಗಾರಿಕೆಯಲ್ಲಿ ಆರಿಸಿದ ಗುಣ ಉಳಿಯುತ್ತದೆ, ಆರಿಸದ ಗುಣ ಎಲ್ಲಿಯೋ ಕಳಚಿಬೀಳುತ್ತದೆ. ಇಳುವರಿ, ಅವಧಿ, ರೋಗ, ಕಾಯಿಕೊರಕ ಇವುಗಳನ್ನು ಅಳೆಯಲು ತಕ್ಕಡಿಯೂ ಕ್ಯಾಲೆಂಡರೂ ಇವೆ. ಪರಿಮಳವನ್ನು ಅಳೆಯಲು ಮೂಗೇ ಬೇಕು. ಆ ಕೆಲಸವೂ ಜಿಕೆವಿಕೆಯಲ್ಲಿ ನಡೆದಿದೆ. ಒಂದೊಂದು ಸಾಲಿನ ಕಾಯಿಯನ್ನು ಮೂಸಿ ನೋಡಿ, ಹೆಚ್ಚು, ಸಾಧಾರಣ, ಇಲ್ಲ ಎಂದು ದರ್ಜೆ ಬರೆಯುವುದೂ ಇಲ್ಲಿ ವಿಜ್ಞಾನವೇ. ಗಾಂಧಿ ಬಜಾರಿನಲ್ಲಿ ಕಾಯಿ ಉಜ್ಜಿ ನೋಡುವ ಗೃಹಿಣಿಯ ಪರೀಕ್ಷೆಗೂ ಇದಕ್ಕೂ ಇರುವ ಅಂತರ ಅದನ್ನು ಬರೆದಿಡುವುದರಲ್ಲಿ ಮಾತ್ರ.

ಮುಂದಿನ ಕೆಲಸಕ್ಕೆ ಬಂಡವಾಳ ಸಂಗ್ರಹದಲ್ಲಿದೆ. ಹಳ್ಳಿಹಳ್ಳಿಗಳಿಂದ ಕೂಡಿಹಾಕಿದ 600ಕ್ಕೂ ಹೆಚ್ಚು ಅವರೆ ಮಾದರಿಗಳು ವಿಶ್ವವಿದ್ಯಾನಿಲಯದ ಬಳಿ ಇವೆ. ಅಗಲ ಕಾಯಿಯವು, ಕೆನ್ನೀಲಿ ಹೂವಿನವು, ಸೊಗಡು ಹೆಚ್ಚಿರುವವು, ಹುಳ ತಡೆಯುವವು ಎಲ್ಲವೂ ಅದರಲ್ಲಿವೆ. 2023ರಲ್ಲಿ ಆಫ್ರಿಕಾ ಮತ್ತು ಯುರೋಪಿನ ವಿಜ್ಞಾನಿಗಳ ತಂಡ ಅವರೆಯ ಇಡೀ ವಂಶವಾಹಿ ನಕ್ಷೆಯನ್ನು ವರ್ಣತಂತುಗಳ ಮಟ್ಟದಲ್ಲಿ ಪ್ರಕಟಿಸಿತು. ಅವರೆಯನ್ನು ಮನುಷ್ಯರು ಒಂದಲ್ಲ, ಕನಿಷ್ಠ ಎರಡು ಸಲ ಬೇರೆ ಬೇರೆಯಾಗಿ ಪಳಗಿಸಿದ್ದಾರೆಂಬುದೂ ಅದರಿಂದ ತಿಳಿಯಿತು. ನಕ್ಷೆ ಕೈಗೆ ಬಂದುದರಿಂದ ಬೇಕಾದ ಗುಣದ ಗುರುತನ್ನು ಸಸಿಯ ಎಲೆಯಲ್ಲೇ ಪತ್ತೆಹಚ್ಚುವ ದಾರಿ ತೆರೆದಿದೆ. ಕಾಯಿ ಬರುವವರೆಗೆ ಕಾಯುವುದು ತಪ್ಪಿದರೆ ಹತ್ತು ವರ್ಷದ ಕೆಲಸ ಐದಾರು ವರ್ಷಕ್ಕೆ ಇಳಿಯಬಹುದು. ಆದರೆ ನಾಟಿ ಬೀಜ ಹೊಲದಿಂದಲೇ ಮರೆಯಾದರೆ ಯಾವ ನಕ್ಷೆಯೂ ಅದನ್ನು ಮರಳಿ ತರಲಾರದು.

ಹೈಬ್ರಿಡ್ ಟೊಮೆಟೊ, ಮೆಕ್ಕೆಜೋಳದಂತೆ ಅವರೆಗೆ ವರ್ಷವರ್ಷವೂ ಬೀಜ ಕೊಳ್ಳಬೇಕಾದ ಹಂಗಿಲ್ಲ. ಸ್ವಪರಾಗದ ಸ್ಥಿರ ತಳಿಯಾದ್ದರಿಂದ ಒಮ್ಮೆ ತಂದ ಬೀಜವನ್ನು ರೈತರು ತಾವೇ ಕಟ್ಟಿಟ್ಟು ಮತ್ತೆ ಬಿತ್ತಬಹುದು, ನೆರೆಯವರಿಗೆ ಕೊಡಬಹುದು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಈ ಹಕ್ಕನ್ನು ಕಾಪಾಡಿದೆ. ರೈತರು ಉಳಿಸಿಕೊಂಡು ಬಂದ ತಳಿಗಳನ್ನು ಅವರ ಹೆಸರಿನಲ್ಲೇ ನೋಂದಾಯಿಸಲೂ ಅದರಲ್ಲಿ ಅವಕಾಶವಿದೆ.

ಎರಡು ದಶಕಗಳಿಂದ ವಿ.ವಿ. ಪುರಂನ ಸಜ್ಜನ್ ರಾವ್ ವೃತ್ತದ ಬಳಿ ನಡೆದು, ಈಚೆಗೆ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿರುವ ಅವರೆಬೇಳೆ ಮೇಳದಲ್ಲಿ ಹಿತಕಿದ ಬೇಳೆ ಸಾರಿನಿಂದ ಜಿಲೇಬಿಯವರೆಗೆ ಎಲ್ಲವೂ ಸಿಗುತ್ತದೆ. ಅಲ್ಲಿಗೆ ಹೋಗುವವರೂ ಗಾಂಧಿ ಬಜಾರಿನಲ್ಲಿ ಚೀಲ ಹಿಡಿದು ನಿಲ್ಲುವವರೂ ಈ ಸಲ ಕಾಯಿ ಯಾವ ಊರಿನದು, ನಾಟಿಯೋ ಹೆಬ್ಬಾಳದ್ದೋ ಎಂದು ಕೇಳಬೇಕು. ಸೊಗಡಿರುವ ಕಾಯಿಗೆ ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಬಾರದು. ರೈತರು ಯಾವ ಬೀಜ ಬಿತ್ತಬೇಕು, ವಿಜ್ಞಾನಿಗಳು ಯಾವ ಗುಣ ಆರಿಸಬೇಕು ಎಂಬುದು ಆ ನಾಲ್ಕು ರೂಪಾಯಿಯಿಂದಲೂ ತೀರ್ಮಾನವಾಗುತ್ತದೆ.