ಉಳ್ಳಾಗಡ್ಡಿಯ ಘಾಟು ಎಲ್ಲಿಂದ ಬಂತು?

ಬಾಗಲವಾಡ ಸೀಮೆಯ ಹೊಲಗಳಲ್ಲಿ ಬುತ್ತಿ ಬಿಚ್ಚಿದವರು ಉಳ್ಳಾಗಡ್ಡಿಗೆ ಚಾಕು ಹುಡುಕುವುದಿಲ್ಲ. ಮುಷ್ಟಿಯಿಂದ ಗುದ್ದಿ ಒಡೆದು ಜೋಳದ ರೊಟ್ಟಿಗೆ ನಂಜಿಕೊಳ್ಳುತ್ತಾರೆ. ಗುದ್ದುವ ಮೊದಲು ಆ ಗಡ್ಡೆಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಒಡೆದ ಕೂಡಲೇ ಮೂಗಿಗೆ ಘಾಟು, ಕಣ್ಣಲ್ಲಿ ನೀರು. ಇದಕ್ಕೆ ಕಾರಣ ಗಂಧಕ. ಗಿಡಕ್ಕೆ ಅದು ಸಿಕ್ಕಿದ್ದು ಕಾಲಡಿಯ ಮಣ್ಣಿನಿಂದ.

ಮಣ್ಣಿನ ಗಂಧಕದ ಬಹುಪಾಲು ತಿಪ್ಪೆಗೊಬ್ಬರ, ಕೊಳೆತ ಬೇರು, ಎಲೆಗಳಂಥ ವಸ್ತುಗಳಲ್ಲಿ ಅಡಗಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಸಲ್ಫೇಟ್ ಆಗಿಸಿದ ಮೇಲೆಯೇ ಬೇರಿಗೆ ದಕ್ಕುವುದು. ಬೇರುಗೂದಲಿನ ಪೊರೆಯಲ್ಲಿ ಅದನ್ನು ಒಳತರಲೆಂದೇ ಪ್ರೋಟೀನುಗಳಿವೆ. ಗಿಡ ಶಕ್ತಿ ವ್ಯಯಿಸಿ ಹೈಡ್ರೋಜನ್ ಅಯಾನುಗಳನ್ನು ಹೊರದಬ್ಬುತ್ತದೆ. ಅವು ಈ ಪ್ರೋಟೀನುಗಳ ಮೂಲಕ ಮರಳುವಾಗ ಸಲ್ಫೇಟನ್ನೂ ಜೊತೆಗೆ ಎಳೆದು ತರುತ್ತವೆ. ಗಂಧಕ ಸಾಲದಾದರೆ ಗಿಡ ಇಂಥ ಪ್ರೋಟೀನುಗಳನ್ನು ಇನ್ನಷ್ಟು ಮಾಡಿಕೊಳ್ಳುತ್ತದೆ. ಮುಂದೆ ನೀರಿನೊಡನೆ ಕ್ಸೈಲಂ ನಾಳಗಳಲ್ಲಿ ಎಲೆಯವರೆಗೆ ಸಲ್ಫೇಟಿನ ಪಯಣ.

ಎಲೆಯೊಳಗೆ ನಡೆಯುವ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ಸಲ್ಫೇಟಿನಲ್ಲಿ ನಾಲ್ಕು ಆಮ್ಲಜನಕ ಪರಮಾಣುಗಳು ಗಂಧಕವನ್ನು ಬಿಗಿಹಿಡಿದಿರುತ್ತವೆ. ಅದನ್ನು ಬಿಡಿಸಲು ಎಂಟು ಎಲೆಕ್ಟ್ರಾನು ಬೇಕು. ಬಿಸಿಲಿನ ಬಲದಿಂದ ಕ್ಲೋರೋಪ್ಲಾಸ್ಟು ಮೊದಲು ಎರಡು, ಆಮೇಲೆ ಆರು ಎಲೆಕ್ಟ್ರಾನು ಒದಗಿಸುತ್ತದೆ. ಹೀಗೆ ಹುಟ್ಟಿದ ಸಲ್ಫೈಡಿನಿಂದ ಸಿಸ್ಟೀನ್, ಸಿಸ್ಟೀನಿನಿಂದ ಮೆಥಿಯೋನೀನ್ ತಯಾರಾಗುತ್ತವೆ. ಮನುಷ್ಯದೇಹಕ್ಕೆ ಈ ವಿದ್ಯೆ ಬಾರದು. ಮೆಥಿಯೋನೀನನ್ನು ನಾವು ಉಂಡೇ ಪಡೆಯಬೇಕು. ಬೇಳೆಯ ಪ್ರೋಟೀನಿನಲ್ಲಿ ಅದು ಕಡಿಮೆ, ಜೋಳದ ಪ್ರೋಟೀನಿನಲ್ಲಿ ಲೈಸೀನ್ ಕಡಿಮೆ. ರೊಟ್ಟಿಯ ಜೊತೆ ಬೇಳೆ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಉಳ್ಳಾಗಡ್ಡಿ, ಬಳ್ಳೊಳ್ಳಿಗಳು ಇದೇ ಗಂಧಕದಿಂದ ವಾಸನೆಯಿಲ್ಲದ ಇನ್ನೊಂದು ಬಗೆಯ ಅಣುಗಳನ್ನು ಕಟ್ಟಿ ಜೀವಕೋಶದಲ್ಲಿ ಕೂಡಿಡುತ್ತವೆ. ಅವನ್ನು ಒಡೆಯುವ ಅಲೀನೇಸ್ ಕಿಣ್ವ ಬೇರೆಯಾಗಿ ರಸದಾನಿಯಲ್ಲಿರುತ್ತದೆ. ಹುಳ ಕಚ್ಚಲಿ, ಮುಷ್ಟಿ ಬೀಳಲಿ, ಗೋಡೆ ಒಡೆದು ಎರಡೂ ಕೂಡುತ್ತವೆ. ಬಳ್ಳೊಳ್ಳಿಯಲ್ಲಿ ಅಲಿಸಿನ್ ಹುಟ್ಟುತ್ತದೆ. ಉಳ್ಳಾಗಡ್ಡಿಯಲ್ಲಿ ಕಣ್ಣೀರು ತರಿಸುವ ಅನಿಲ ಮಾಡಲು ಎರಡನೆಯ ಕಿಣ್ವವೊಂದು ಬೇಕೆಂದು ಜಪಾನಿನ ಸಂಶೋಧಕರು 2002ರಲ್ಲಿ ತೋರಿಸಿಕೊಟ್ಟರು. ಬಳ್ಳೊಳ್ಳಿಯನ್ನು ಇಡಿಯಾಗಿ ಬೇಯಿಸಿದರೆ ಘಾಟು ಬರುವುದಿಲ್ಲ. ಎಸಳು ಒಡೆಯುವ ಮೊದಲೇ ಕಿಣ್ವ ಬಿಸಿಗೆ ಕೆಟ್ಟಿರುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ವಿಡೇಲಿಯಾ ಉಳ್ಳಾಗಡ್ಡಿ ಸಿಹಿಯೆಂದು ಹೆಸರಾಗಲು ಅಲ್ಲಿನ ಮಣ್ಣಿನಲ್ಲಿ ಗಂಧಕ ಕಡಿಮೆಯಿರುವುದೂ ಒಂದು ಕಾರಣ.

ಗಂಧಕದ ಕೊರತೆಯನ್ನು ರೈತರು ಸಾರಜನಕದ ಕೊರತೆಯೆಂದು ತಿಳಿದು ಯೂರಿಯಾ ಚೆಲ್ಲುವುದುಂಟು. ಎರಡರಲ್ಲೂ ಎಲೆ ಹಳದಿ. ಆದರೆ ಸಾರಜನಕವನ್ನು ಗಿಡ ಹಳೆಯ ಎಲೆಯಿಂದ ಬಿಡಿಸಿ ಚಿಗುರಿಗೆ ಕಳಿಸಬಲ್ಲದು, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಹಳೆಯ ಎಲೆಯ ಗಂಧಕ ಅಷ್ಟು ಸುಲಭವಾಗಿ ಜಾಗ ಬಿಡದು. ಮೇಲಿನ ಎಳೆ ಎಲೆಯೇ ಮೊದಲು ಸೊರಗುತ್ತದೆ. ಗೊಬ್ಬರ ಕೊಳ್ಳುವ ಮೊದಲು ಗಿಡದ ತುದಿಯನ್ನೂ ಬುಡವನ್ನೂ ನೋಡಬೇಕು.

ಕೊರತೆಗೆ ಗೊಬ್ಬರದ ಆಯ್ಕೆಯೂ ಒಂದು ಕಾರಣ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಸುಮಾರು ಶೇಕಡ 11 ಗಂಧಕವಿದೆ. ರಂಜಕಕ್ಕೆಂದು ಹಾಕಿದರೂ ಗಂಧಕ ಜೊತೆಗೇ ಬರುತ್ತದೆ. ಡಿಎಪಿಯಲ್ಲಿ ಅದಿಲ್ಲ. 20:20:0:13 ಗೊಬ್ಬರದಲ್ಲಿ ಕೊನೆಯ 13 ಗಂಧಕವೇ. ತಿಪ್ಪೆಗೊಬ್ಬರ ಕಡಿಮೆಯಾಗಿ, ವರ್ಷವರ್ಷವೂ ಡಿಎಪಿ, ಯೂರಿಯಾಗಳಷ್ಟೇ ಬಿದ್ದ ಹೊಲದಲ್ಲಿ ಬೆಳೆ ಒಯ್ದ ಗಂಧಕ ಮರಳುವುದೇ ಇಲ್ಲ. ಸಲ್ಫೇಟು ನೀರಿನೊಡನೆ ಬೇರಿನಾಚೆ ಬಸಿದು ಹೋಗುವುದರಿಂದ ಮಸಾರಿ ಹೊಲಕ್ಕೆ ಪೆಟ್ಟು ಹೆಚ್ಚು. ಶೇಂಗಾಕ್ಕೆ ಎಕರೆಗೆ 200 ಕೆ.ಜಿ. ಜಿಪ್ಸಂ ಹೇಳುವುದು ಗಂಧಕ, ಸುಣ್ಣದಂಶ ಎರಡಕ್ಕೂ. ಹೂಬಿಟ್ಟು ಸೂಜಿಯಂಥ ತೊಟ್ಟು ಮಣ್ಣಿಗಿಳಿಯುವ ಹೊತ್ತಿಗೆ ಅದು ಬುಡದಲ್ಲಿರಬೇಕು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಲಭ್ಯ ಗಂಧಕ 10 ಪಿಪಿಎಂಗಿಂತ ಕೆಳಗಿದ್ದರೆ ಅದನ್ನು ಕೊರತೆಯೆಂದೇ ಎಣಿಸುತ್ತಾರೆ.