ಹೆಲ್ಮೆಟಿನೊಳಗಣ ಬೆಚ್ಚನೆಯ ಟೋಪಿ: ಆಯ್ಕೆಯ ಲೆಕ್ಕಾಚಾರ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಖಾನಾಪುರ–ಬೆಳಗಾವಿ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ ಒಂದು ದೃಶ್ಯ ಸಾಮಾನ್ಯವಾಗಿರುತ್ತದೆ. ಉದ್ಯಮಬಾಗದ ಫೌಂಡ್ರಿ ಹಾಗೂ ಯಂತ್ರಾಗಾರಗಳ ಮೊದಲ ಪಾಳಿಗೆ ಹೊರಟ ದ್ವಿಚಕ್ರ ಸವಾರರಲ್ಲಿ ಕೆಲವರು ಮಂಕಿ ಟೋಪಿ ಧರಿಸಿ ಹೆಲ್ಮೆಟನ್ನು ಕನ್ನಡಿಗೆ ನೇತುಹಾಕಿರುತ್ತಾರೆ. ಇನ್ನು ಕೆಲವರು ದಪ್ಪ ಉಣ್ಣೆ ಟೋಪಿಯ ಮೇಲೆಯೇ ಹೆಲ್ಮೆಟನ್ನು ಏರಿಸಿರುತ್ತಾರೆ. ಅದು ತಲೆಯ ಮೇಲೆ ಕುಳಿತಿರುವುದಿಲ್ಲ, ತೇಲುತ್ತಿರುತ್ತದೆ. ಚಳಿಯಿಂದ ಪಾರಾಗುವ ಈ ಎರಡೂ ವಿಧಾನಗಳು ಪ್ರಾಣಕ್ಕೆ ಎರವಾಗಬಲ್ಲವು. ಟೋಪಿಯ ಆಯ್ಕೆ ಕ್ಷುಲ್ಲಕ ವಿಷಯವೆಂದು ತೋರಿದರೂ, ಕುಶಲ ಕಾರ್ಮಿಕರನ್ನು ನೆಚ್ಚಿಕೊಂಡಿರುವ ಪ್ರತಿಯೊಬ್ಬ ಉದ್ಯಮಿಯೂ ಇದನ್ನು ಗಮನಿಸುವುದು ಅಗತ್ಯ.

ಚಳಿ ಎಷ್ಟು?

ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿರುವ ಬೆಳಗಾವಿಯ ಚಳಿಯನ್ನು ಉಷ್ಣಮಾಪಕವೊಂದರಿಂದಲೇ ಅಳೆಯಲಾಗದು. ಗಾಳಿಯ ವೇಗವೂ ಲೆಕ್ಕಕ್ಕೆ ಬರುತ್ತದೆ. ಹವಾಮಾನ ಇಲಾಖೆಗಳು ಅನೇಕ ದೇಶಗಳಲ್ಲಿ ಬಳಸುವ ಶೀತಗಾಳಿಯ ಸೂತ್ರದಂತೆ, 10 ಡಿಗ್ರಿ ಸೆಲ್ಸಿಯಸ್ ಇರುವ ಮುಂಜಾನೆ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ತಗಲುವ ಚಳಿ ಸುಮಾರು ಐದೂವರೆ ಡಿಗ್ರಿಯದ್ದಾಗಿರುತ್ತದೆ. ಕಿವಿ, ಹಣೆ ಮತ್ತು ಕುತ್ತಿಗೆಗಳೇ ಇದಕ್ಕೆ ಮೊದಲು ಗುರಿ. ಆದ್ದರಿಂದ ಕಾರ್ಮಿಕನ ಮಂಕಿ ಟೋಪಿ ಶೋಕಿಯಲ್ಲ. ಅವನ ಅಗತ್ಯ ನಿಜವಾದದ್ದೇ. ತಪ್ಪಿರುವುದು ಟೋಪಿಯ ದಪ್ಪದಲ್ಲಿ.

ಅರ್ಧ ಸೆಂಟಿಮೀಟರಿನ ಬೆಲೆ

ಹೆಲ್ಮೆಟಿನ ಅಳತೆಯನ್ನು ಹುಬ್ಬಿನ ಮೇಲ್ಭಾಗದ ತಲೆಯ ಸುತ್ತಳತೆಯಿಂದ ನಿರ್ಧರಿಸುತ್ತಾರೆ. ಅರ್ಧ ಸೆಂಟಿಮೀಟರ್ ದಪ್ಪದ ಉಣ್ಣೆ ಟೋಪಿ ಧರಿಸಿದಾಗ ತಲೆಯ ಸುತ್ತಳತೆ ಸುಮಾರು 3 ಸೆಂಟಿಮೀಟರ್ ಹೆಚ್ಚುತ್ತದೆ. ಒಂದು ಅಳತೆಯ ಹೆಲ್ಮೆಟಿಗೂ ಮುಂದಿನ ಅಳತೆಗೂ ಇರುವ ಅಂತರ ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್ ಮಾತ್ರ. ಅಂದರೆ 58 ಸೆಂಟಿಮೀಟರ್ ತಲೆಯವನು ಟೋಪಿ ಧರಿಸಿದೊಡನೆ 61ರವನಾಗುತ್ತಾನೆ. ಹಳೆಯ ಹೆಲ್ಮೆಟ್ ಕೆಳಗಿಳಿಯುವುದಿಲ್ಲ, ಗದ್ದದ ಪಟ್ಟಿಯ ಬಕಲು ಸೇರುವುದಿಲ್ಲ. ಟೋಪಿಗೆಂದೇ ದೊಡ್ಡ ಹೆಲ್ಮೆಟ್ ಕೊಂಡರೆ ಮಾರ್ಚ್ ತಿಂಗಳಲ್ಲಿ ಟೋಪಿ ತೆಗೆದ ಮೇಲೆ ಅದು ತಲೆಯ ಮೇಲೆ ಅಲ್ಲಾಡುತ್ತದೆ. ಒಂದು ಮಿಲಿಮೀಟರ್ ದಪ್ಪದ ತೆಳುಟೋಪಿಯಾದರೋ ಸುತ್ತಳತೆಗೆ ಸೇರಿಸುವುದು ಸುಮಾರು ಆರು ಮಿಲಿಮೀಟರ್ ಮಾತ್ರ. ಒಳಗಿನ ಮೆತ್ತೆ ಅದನ್ನು ತಾಳಿಕೊಳ್ಳುತ್ತದೆ.

ಇನ್ನೊಂದು ಅಂಶವೂ ಉಂಟು. ಉಣ್ಣೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಹೆಲ್ಮೆಟಿನೊಳಗೆ ಅಮುಕಿದಾಗ ಆ ಗಾಳಿ ಹೊರಟುಹೋಗುವುದರಿಂದ ದಪ್ಪ ಟೋಪಿಯ ಲಾಭವೂ ಕುಗ್ಗುತ್ತದೆ. ಬಿದ್ದ ಕ್ಷಣದಲ್ಲಿ ಅದೇ ಟೋಪಿ ಇನ್ನಷ್ಟು ಕುಗ್ಗಿ ಹೆಲ್ಮೆಟ್ ಜಾರಲು ಎಡೆಯಾಗುತ್ತದೆ. ಗುಲ್ಮಾರ್ಗ್ ಮತ್ತು ಔಲಿಯ ಹಿಮದ ಇಳಿಜಾರುಗಳಲ್ಲಿ ಹೆಲ್ಮೆಟ್ ಧರಿಸಿ ಸ್ಕೀಯಿಂಗ್ ಮಾಡುವವರಿಗೂ ಹೆಲ್ಮೆಟಿನ ಕೆಳಗೆ ತಲೆಗಂಟಿದ ತೆಳುಟೋಪಿಯನ್ನೇ ಸೂಚಿಸುವುದು ಇದೇ ಕಾರಣಕ್ಕೆ. ಹಿಮಕ್ಕೆ ಸಲ್ಲುವ ವಿವೇಕ ನಮ್ಮ ಮಂಜಿಗೆ ಸಲ್ಲದಿರಲು ಕಾರಣವಿಲ್ಲ.

ಯಾವ ಬಟ್ಟೆ ಉತ್ತಮ?

ನಮ್ಮ ಭಾಗದ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು. ಆದರೆ ಎಳೆ ಒರಟಾದುದರಿಂದ ಹೆಲ್ಮೆಟಿನ ಒತ್ತಡದಲ್ಲಿ ಹಣೆಗೆ ಚುಚ್ಚುತ್ತದೆ. ಸಣ್ಣ ಎಳೆಯ ಮೆರಿನೋ ಉಣ್ಣೆ ಮೃದು. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಬೆಚ್ಚಗಿರಬಲ್ಲದು, ಆದರೆ ಬೆಲೆ ಹೆಚ್ಚು. ಹತ್ತಿಯ ಟೋಪಿ ಅಥವಾ ಮಡಿಚಿದ ಕರವಸ್ತ್ರ ಅಗ್ಗವಾದರೂ ಬೆವರನ್ನು ಹಿಡಿದಿಟ್ಟುಕೊಂಡು ತಲೆಯನ್ನು ತಣ್ಣಗಾಗಿಸುತ್ತದೆ. ಜಾಂಬೋಟಿ, ಕಣಕುಂಬಿಗಳ ಕಡೆಯ ಮಳೆಗಾಲದಲ್ಲಂತೂ ಅದು ಮರುದಿನಕ್ಕೂ ಒಣಗದು. ಹಿಗ್ಗುವ ಪಾಲಿಯೆಸ್ಟರ್ ಹೆಣಿಗೆ ಬಟ್ಟೆ ತೇವವನ್ನು ಬೇಗ ಬಿಟ್ಟುಕೊಡುತ್ತದೆ, ಬೇಗ ಒಣಗುತ್ತದೆ, ಬೆಲೆಯೂ ಕೈಗೆಟಕುವಂಥದು. ಒಳಮೈಗೆ ತುಸು ರೋಮವೆಬ್ಬಿಸಿದ ಬಟ್ಟೆ ಚಳಿಗಾಲಕ್ಕೆ ಸಾಕು. ದಿನವೂ ಒಗೆಯಬೇಕಾಗುವುದರಿಂದ ಒಬ್ಬರಿಗೆ ಎರಡು ಟೋಪಿಗಳಿರಬೇಕು.

ಕೊಳ್ಳುವಾಗ ನಾಲ್ಕು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದಾಗಿ, ಹೊಲಿಗೆ ಚಪ್ಪಟೆಯಾಗಿರಬೇಕು. ನೆತ್ತಿಯ ಮೇಲಿನ ಗುಂಡಿ, ಕುಚ್ಚುಗಳು ಕೂಡದು. ಎರಡನೆಯದಾಗಿ, ಕಿವಿ ಮುಚ್ಚುವ ಭಾಗ ಒಂದೇ ಪದರದ್ದಾಗಿರಬೇಕು. ಗೋವೆಯ ಕಡೆಗೆ ಸಾಗುವ ಲಾರಿಗಳ ಹಾರ್ನ್ ಕೇಳಿಸುವುದು ಬೆಚ್ಚಗಿರುವುದಕ್ಕಿಂತ ಮುಖ್ಯ. ಮೂರನೆಯದಾಗಿ, ಅಂಚು ಹುಬ್ಬಿನ ಮೇಲೆ ಜಾರಬಾರದು. ಕೊನೆಯದಾಗಿ, ಟೋಪಿ ಧರಿಸಿ, ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು ತಲೆಯಲ್ಲಾಡಿಸಿದಾಗ ಹೆಲ್ಮೆಟ್ ತಲೆಯೊಡನೆಯೇ ತಿರುಗಬೇಕು. ಟೋಪಿಗೆ ಜಾಗ ಮಾಡಲು ಒಳಗಿನ ಥರ್ಮೋಕೋಲನ್ನು ಕೊರೆಯುವುದು ಸರ್ವಥಾ ಸಲ್ಲದು. ಪೆಟ್ಟನ್ನು ತಡೆಯುವುದು ಆ ಪದರವೇ.

ಕಾನೂನು ಮತ್ತು ಉದ್ಯಮಿಯ ಹೊಣೆ

1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಂ ಹೆಲ್ಮೆಟನ್ನು ಪಟ್ಟಿಯಿಂದ ಭದ್ರವಾಗಿ ಬಿಗಿದುಕೊಳ್ಳಬೇಕೆಂದು ವಿಧಿಸುತ್ತದೆ. ತಲೆಯ ಮೇಲಿಟ್ಟುಕೊಂಡ ಮಾತ್ರಕ್ಕೆ ಕಾನೂನು ಪಾಲನೆಯಾದಂತಲ್ಲ. ಜೂನ್ 1, 2021ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟುಗಳ ಮಾರಾಟಕ್ಕೂ ಅವಕಾಶವಿಲ್ಲ. ಇನ್ನು, ಮನೆಯಿಂದ ಕೆಲಸಕ್ಕೆ ಬರುವಾಗ ಆಗುವ ಅಪಘಾತವು ಉದ್ಯೋಗದೊಂದಿಗೆ ಸಂಬಂಧ ಹೊಂದಿದೆಯೆಂದು ಸ್ಥಾಪಿತವಾದರೆ ಅದನ್ನು ಉದ್ಯೋಗಜನ್ಯ ಅಪಘಾತವೆಂದೇ ಪರಿಗಣಿಸುವ ನಿಯಮವು 2010ರಲ್ಲಿ ಇಎಸ್‌ಐ ಕಾಯ್ದೆಗೆ ಸೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಕಾರ್ಖಾನೆಯ ಹೆಬ್ಬಾಗಿಲಿಗೇ ಹೊಣೆ ಮುಗಿಯಿತೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಸ್ಥಳೀಯ ಅವಕಾಶ

ಶಹಾಪುರ, ವಡಗಾವಿಗಳ ಮಗ್ಗಗಳು ಸೀರೆಗೆ ಹೆಸರಾದವು. ಹಿಗ್ಗುವ ಹೆಣಿಗೆ ಬಟ್ಟೆ ಅಲ್ಲಿಯದಲ್ಲ, ತಿರುಪ್ಪೂರು, ಲೂಧಿಯಾನಗಳದು. ಆದರೆ ಬಟ್ಟೆ ತರಿಸಿ ಕತ್ತರಿಸಿ ಹೊಲಿಯುವ ಕೆಲಸ ಇಲ್ಲಿಯೇ ನಡೆಯಬಹುದು. ಚದರ ಮೀಟರಿಗೆ 180 ಗ್ರಾಂ ತೂಗುವ ಬಟ್ಟೆ ಕಿಲೋ ಒಂದಕ್ಕೆ ಸುಮಾರು ಐದೂವರೆ ಚದರ ಮೀಟರ್ ಆಗುತ್ತದೆ. ಕತ್ತರಿಕೆಯ ನಷ್ಟ ಸೇರಿ ಟೋಪಿಗೆ 0.14 ಚದರ ಮೀಟರ್ ಹಿಡಿದರೂ ಕಿಲೋಗೆ ಮೂವತ್ತೆಂಟರಿಂದ ನಲವತ್ತು ಟೋಪಿಗಳು ದೊರೆಯುತ್ತವೆ. ಹೊಲಿಗೆ ಯಂತ್ರವಿರುವ ಸಣ್ಣ ಘಟಕಕ್ಕೆ ಇದು ಹೊಂದುವ ಕೆಲಸ.

ತೆರಿಗೆಯ ಒಂದು ಎಚ್ಚರಿಕೆ: ಹೆಣಿಗೆ ಬಟ್ಟೆಯ ಟೋಪಿಗಳ ಮೇಲಿನ ಜಿಎಸ್‌ಟಿ ಸೆಪ್ಟೆಂಬರ್ 22, 2025ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಹೆಲ್ಮೆಟಿಗೆ ಶೇ. 18 ಇದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಒಂದೇ ಬೆಲೆಗೆ ಮಾರಿದರೆ ಅದು ಮಿಶ್ರ ಪೂರೈಕೆಯೆನಿಸಿ ಪೂರ್ಣ ಮೊತ್ತಕ್ಕೆ ಹೆಚ್ಚಿನ ದರ ಅನ್ವಯಿಸುವ ಸಂಭವವಿದೆ. ಬಿಡಿಬಿಡಿಯಾಗಿ ಬೆಲೆ ನಮೂದಿಸಿ ಮಾರುವುದು ಲೇಸು.

ದೀಪಾವಳಿಗೆ ಸಿಹಿಯ ಡಬ್ಬಿ ಹಂಚುವ ಪರಿಪಾಠ ನಮ್ಮ ಕಾರ್ಖಾನೆಗಳಲ್ಲಿದೆ. ಅದರೊಡನೆ ತಲೆಗೆ ಎರಡು ತೆಳುಟೋಪಿಗಳನ್ನೂ ಹಂಚಿ, ಹೆಲ್ಮೆಟ್ ಸರಿಯಾಗಿ ಕೂರುವುದೇ ಎಂದು ಹೆಬ್ಬಾಗಿಲಲ್ಲೇ ಒಮ್ಮೆ ಪರೀಕ್ಷಿಸಿದರೆ ಖರ್ಚು ಅತ್ಯಲ್ಪ. ಅನುಭವಿ ಮೋಲ್ಡರ್ ಒಬ್ಬನನ್ನು ತಯಾರಿಸಲು ವರ್ಷಗಳು ಬೇಕು. ಅವನನ್ನು ಕಳೆದುಕೊಳ್ಳಲು ಮಂಜಿನ ಒಂದು ತಿರುವು ಸಾಕು. ಅವನ ಮನೆಯವರಿಗಾಗುವ ನಷ್ಟವನ್ನಂತೂ ಯಾವ ಜಮಾ-ಖರ್ಚಿನ ಪುಸ್ತಕದಲ್ಲಿಯೂ ಬರೆದು ತೋರಿಸಲಾಗದು.